ಒಡಲೊಳಗೆ ಇಳಿದ ಬೆಳಕು: ಎಂಡೋಸ್ಕೋಪಿಯಲ್ಲಿ ಕ್ಯಾನ್ಸರ್ ಶೋಧದ ಚರಿತ್ರೆ

ಅನ್ನನಾಳ, ಜಠರ, ದೊಡ್ಡಕರುಳು, ಶ್ವಾಸನಾಳ, ಮೂತ್ರಕೋಶ ಮೊದಲಾದ ಟೊಳ್ಳು ಅಂಗಗಳಲ್ಲಿ ಹುಟ್ಟುವ ಕ್ಯಾನ್ಸರಿನ ಬಹುಪಾಲು ಅವುಗಳ ಒಳಗೋಡೆಯನ್ನು ಹೊದೆದಿರುವ ಲೋಳೆಪದರದ ಮೇಲ್ಭಾಗದಲ್ಲಿ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಜೀವಕೋಶಗಳ ಹೊದಿಕೆಯಲ್ಲಿ, ಮೊದಲಾಗುತ್ತದೆ. ಆರಂಭದ ಈ ಹಂತದಲ್ಲಿ ಕಣ್ಣಿಗೆ ಬೀಳುವ ಗಂಟಾಗಲಿ ಹುಣ್ಣಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಜೀವಕೋಶಗಳ ಕೇಂದ್ರಗಳು ಹಿಗ್ಗಿ, ಅವುಗಳ ಅಚ್ಚುಕಟ್ಟಾದ ಜೋಡಣೆ ಕೆಟ್ಟು, ವೈದ್ಯರು ಡಿಸ್‌ಪ್ಲೇಸಿಯಾ ಎಂದು ಹೆಸರಿಸಿರುವ ಅವಸ್ಥೆಯೊಂದು ಮಾತ್ರ ಇರುತ್ತದೆ, ಮತ್ತು ಅದು ಪಕ್ಕದ ಆರೋಗ್ಯವಂತ ಪದರದಂತೆಯೇ ನಸುಗೆಂಪಾಗಿ, ನುಣುಪಾಗಿ ಕಾಣುತ್ತದೆ. ದೇಹದ ಒಳಗನ್ನು ನೋಡುವ ಕೊಳವೆ, ಅಂದರೆ ಎಂಡೋಸ್ಕೋಪು, ಹುಟ್ಟಿ ಎರಡು ಶತಮಾನಗಳು ಕಳೆದಿವೆ. ಅದರ ಮೊದಲ ನೂರೈವತ್ತು ವರ್ಷಗಳು ಸಾಕಷ್ಟು ಬೆಳಕನ್ನು ಒಳಗೆ ಒಯ್ಯುವ ಉಪಾಯಗಳಲ್ಲೇ ಸಂದುಹೋದವು. ಒಯ್ದ ಬೆಳಕು ಅಂಗಾಂಶವನ್ನು ಮುಟ್ಟಿ ಹಿಂತಿರುಗುವಾಗ ಏನನ್ನು ಹೊತ್ತು ತರುತ್ತದೆಂದು ಬಣ್ಣಬಣ್ಣವಾಗಿ ಬಿಡಿಸಿ ಓದುವ ಪ್ರಯತ್ನ, ಅಂದರೆ ರೋಹಿತದರ್ಶನ, ಈಚಿನ ನಾಲ್ಕು ದಶಕಗಳದು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಫಿಲಿಪ್ ಬೊಜ್ಜಿನಿ 1806ರಲ್ಲಿ ಪ್ರಕಟಪಡಿಸಿದ ‘ಲಿಷ್ಟ್‌ಲೈಟರ್’ ಎಂಬ ಬೆಳಕಿನ ವಾಹಕದಲ್ಲಿ ಮುಂದಿನ ಎಲ್ಲ ಎಂಡೋಸ್ಕೋಪುಗಳ ತತ್ತ್ವ ಅಡಗಿತ್ತು. ಹೂದಾನಿಯಾಕಾರದ ಗೂಡಿನೊಳಗೆ ಒಂದು ಮೇಣದಬತ್ತಿ, ಅದರ ಬೆಳಕನ್ನು ಕೊಳವೆಯತ್ತ ತಿರುಗಿಸುವ ಕನ್ನಡಿ, ಅಂಗಕ್ಕೆ ತಕ್ಕಂತೆ ಬದಲಾಯಿಸಬಹುದಾದ ಬೇರೆ ಬೇರೆ ಕೊಳವೆಗಳು—ಇಷ್ಟೇ ಅದರ ರಚನೆ. ವಿಯೆನ್ನಾದ ಸೇನಾ ವೈದ್ಯಕೀಯ ಅಕಾಡೆಮಿ ಅದನ್ನು ಪರೀಕ್ಷಿಸಿ ಮೆಚ್ಚಿಕೊಂಡರೂ ಅದೇ ನಗರದ ವೈದ್ಯ ವಿದ್ವತ್‌ಮಂಡಳಿ ಅದನ್ನು ಬರಿಯ ಕುತೂಹಲದ ಆಟಿಕೆಯೆಂದು ತಳ್ಳಿಹಾಕಿತು. ಇದಕ್ಕೆ ಸಂಸ್ಥೆಗಳ ನಡುವಣ ಪೈಪೋಟಿಯೂ ಕಾರಣವಾಗಿತ್ತೆಂಬುದು ನಿಜವಾದರೂ ಮಂಡಳಿಯ ಅನುಮಾನದಲ್ಲಿ ಹುರುಳಿರಲಿಲ್ಲವೆನ್ನಲಾಗದು, ಏಕೆಂದರೆ ಮೇಣದಬತ್ತಿಯ ಬೆಳಕಿನಲ್ಲಿ ಕಾಣುತ್ತಿದ್ದುದು ಅತ್ಯಲ್ಪ. ಬೊಜ್ಜಿನಿ 1809ರಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲಿರುವಾಗಲೇ, ಟೈಫಸ್ ಜ್ವರಕ್ಕೆ ಬಲಿಯಾದನು.

ಪ್ಯಾರಿಸಿನ ಡೆಸೊರ್ಮೊ 1853ರಲ್ಲಿ ಮೇಣದಬತ್ತಿಯ ಜಾಗಕ್ಕೆ ಮದ್ಯಸಾರ ಮತ್ತು ಟರ್ಪೆಂಟೈನ್ ಬೆರಸಿ ಉರಿಸುವ ದೀಪವನ್ನು ತಂದನು. ಫ್ರೈಬರ್ಗಿನ ಅಡೋಲ್ಫ್ ಕುಸ್ಮೌಲ್ 1868ರಲ್ಲಿ ಕತ್ತಿ ನುಂಗುವ ಪ್ರದರ್ಶಕನೊಬ್ಬನ ನೆರವಿನಿಂದ ನೆಟ್ಟನೆಯ ಲೋಹದ ಕೊಳವೆಯೊಂದು ಬಾಯಿಂದ ಜಠರದವರೆಗೆ ಇಳಿಯಬಲ್ಲುದೆಂದು ತೋರಿಸಿದನಾದರೂ ಡೆಸೊರ್ಮೊನ ದೀಪ ಅಷ್ಟು ಆಳಕ್ಕೆ ಸಾಲದೆ, ದಾರಿ ಸಿಕ್ಕಿಯೂ ನೋಟ ದಕ್ಕಲಿಲ್ಲ. ಮ್ಯಾಕ್ಸ್ ನಿಟ್ಸ 1879ರಲ್ಲಿ ವಿಯೆನ್ನಾದ ಉಪಕರಣ ತಯಾರಕ ಯೋಸೆಫ್ ಲೈಟರನ ಜೊತೆಗೂಡಿ ನಿರ್ಮಿಸಿದ ಮೂತ್ರಕೋಶದರ್ಶಕದಲ್ಲಿ ಬೆಳಕಿನ ಮೂಲವನ್ನೇ ದೇಹದೊಳಕ್ಕೆ ಒಯ್ಯುವ ಧೈರ್ಯ ಮಾಡಲಾಗಿತ್ತು: ವಿದ್ಯುತ್ತಿನಿಂದ ಕಾದು ಬೆಳಗುವ ಪ್ಲಾಟಿನಂ ತಂತಿ ಕೊಳವೆಯ ತುದಿಯಲ್ಲಿತ್ತು, ಅದರ ಕಾವು ಅಂಗವನ್ನು ಸುಡದಂತೆ ಸುತ್ತ ನೀರು ಹರಿಯುತ್ತಿತ್ತು. ಎಡಿಸನ್ನನ ಬಲ್ಬು ಬಂದ ಕೆಲವೇ ವರ್ಷಗಳಲ್ಲಿ ಈ ನೀರಿನ ಏರ್ಪಾಡು ಬೇಡವಾಯಿತು. ಮ್ಯೂನಿಕ್ಕಿನ ರೂಡೋಲ್ಫ್ ಶಿಂಡ್ಲರ್ 1932ರಲ್ಲಿ ಮಸೂರಗಳ ಸಾಲನ್ನು ಅಳವಡಿಸಿದ, ಅರ್ಧ ಬಾಗುವ ಜಠರದರ್ಶಕವನ್ನು ರೂಪಿಸಿದನು. ನಾತ್ಸಿ ಆಡಳಿತ ಅವನನ್ನು ಸೆರೆಯಲ್ಲಿಟ್ಟಿತು, ಬಿಡುಗಡೆಯಾದ ಮೇಲೆ 1934ರಲ್ಲಿ ಅವನು ಷಿಕಾಗೋ ಸೇರಿದ್ದರಿಂದ ಜಠರದರ್ಶನದ ವಿದ್ಯೆಯೂ ಅಟ್ಲಾಂಟಿಕ್ ದಾಟಿತು.

ಬೆಳಕನ್ನು ಬಾಗಿಸುವ ಸಮಸ್ಯೆಗೆ ಪರಿಹಾರ ದೊರೆತದ್ದು ಗಾಜಿನ ಎಳೆಗಳಲ್ಲಿ. ದಟ್ಟವಾದ ಮಾಧ್ಯಮದಿಂದ ವಿರಳವಾದ ಮಾಧ್ಯಮದ ಗಡಿಗೆ ಓರೆಯಾಗಿ ಬಂದು ಬೀಳುವ ಬೆಳಕು ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಮರಳುವುದನ್ನು ಪೂರ್ಣ ಆಂತರಿಕ ಪ್ರತಿಫಲನವೆನ್ನುತ್ತಾರೆ. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುವಿನಲ್ಲಿ ಬೆಳಕು ಹೀಗೆ ಗೋಡೆಯಿಂದ ಗೋಡೆಗೆ ಪುಟಿಯುತ್ತ ತಂತು ಬಾಗಿದತ್ತ ಬಾಗಿ ಸಾಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿ ಇಂಥ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅದನ್ನು ಓದಿದ ಬೇಸಿಲ್ ಹರ್ಷೋವಿಟ್ಸ್ ಎಂಬ ದಕ್ಷಿಣ ಆಫ್ರಿಕಾ ಮೂಲದ ವೈದ್ಯ ಲಂಡನ್ನಿಗೆ ಹೋಗಿ ಅವರನ್ನು ಕಂಡು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮುಂದುವರಿಸಿದನು. ಬರಿಯ ತಂತುಗಳು ಒಂದಕ್ಕೊಂದು ತಾಗಿದಲ್ಲಿ ಬೆಳಕು ಸೋರಿ ಚಿತ್ರ ಮಸುಕಾಗುತ್ತಿತ್ತು. ಆ ತಂಡದಲ್ಲಿ ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಲ್ಯಾರಿ ಕರ್ಟಿಸ್ 1956ರ ಡಿಸೆಂಬರಿನಲ್ಲಿ ಕಡಿಮೆ ವಕ್ರೀಭವನದ ಗಾಜಿನ ಕೊಳವೆಯೊಳಗೆ ಹೆಚ್ಚು ವಕ್ರೀಭವನದ ಗಾಜಿನ ಸರಳನ್ನಿಟ್ಟು ಎರಡನ್ನೂ ಒಟ್ಟಿಗೆ ಕರಗಿಸಿ ಎಳೆದು, ಹೊದಿಕೆಯುಳ್ಳ ತಂತುವನ್ನು ತಯಾರಿಸಿದನು. ಮರುವರ್ಷದ ಫೆಬ್ರವರಿಯಲ್ಲಿ ಹರ್ಷೋವಿಟ್ಸ್ ಹೊಸ ಉಪಕರಣವನ್ನು ಮೊದಲು ತಾನೇ ನುಂಗಿ, ಅನಂತರ ರೋಗಿಯ ಮೇಲೆ ಬಳಸಿದನು. ದೂರಸಂಪರ್ಕ ಜಗತ್ತು ಮುಂದೆ ಆತುಕೊಂಡ ಹೊದಿಕೆಯ ತಂತು ಮೊದಲು ಹುಟ್ಟಿದ್ದು ಜಠರವನ್ನು ನೋಡುವುದಕ್ಕಾಗಿ ಎಂಬುದು ತಂತ್ರಜ್ಞಾನದ ಇತಿಹಾಸದಲ್ಲಿ ಸಾಕಷ್ಟು ಒತ್ತಿ ಹೇಳದ ಸಂಗತಿ.

ರೋಹಿತದರ್ಶನದ ಧಾರೆ ಇಷ್ಟು ಕಾಲ ಬೇರೆಯಾಗಿಯೇ ಹರಿಯುತ್ತಿತ್ತು. ಬೆಳಕನ್ನು ಪಟ್ಟಕದಿಂದ ಅದರ ಘಟಕ ಬಣ್ಣಗಳಾಗಿ ಬಿಡಿಸಿದಾಗ ದೊರೆಯುವ ಪಟ್ಟಿಗೆ ರೋಹಿತವೆಂದು ಹೆಸರು. ಪ್ರತಿಯೊಂದು ಧಾತುವಿಗೂ ತನ್ನದೇ ರೋಹಿತ ಗೆರೆಗಳಿವೆಯೆಂದು ಕಿರ್ಕಾಫ್ ಮತ್ತು ಬುನ್ಸೆನ್ ಹೈಡೆಲ್‌ಬರ್ಗಿನಲ್ಲಿ 1859–60ರ ಸುಮಾರಿಗೆ ಸ್ಥಾಪಿಸಿದ ಬೆನ್ನಲ್ಲೇ, 1862ರಲ್ಲಿ, ಹೊಪ್ಪೆ-ಸೈಲರ್ ರಕ್ತದ ಮೂಲಕ ಬೆಳಕು ಹಾಯಿಸಿ ಅದರಲ್ಲಿ ಕಾಣೆಯಾಗುವ ಬಣ್ಣಗಳ ಪಟ್ಟೆಗಳನ್ನು ಗುರುತಿಸಿದನು; ಆಮ್ಲಜನಕ ಕೂಡಿದ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಈ ಪಟ್ಟೆಗಳು ಬೇರೆಯೆಂದು ಇಂಗ್ಲೆಂಡಿನ ಸ್ಟೋಕ್ಸ್ 1864ರಲ್ಲಿ ತೋರಿಸಿದನು. ನೇರಳೆಯ ಅಂಚಿನಲ್ಲಿರುವ, ಎಲ್ಲಕ್ಕಿಂತ ಗಾಢವಾದ ಇನ್ನೊಂದು ಪಟ್ಟೆಯನ್ನು 1883ರಲ್ಲಿ ಸ್ವಿಟ್ಸರ್ಲೆಂಡಿನ ಸೊರೆ ಕಂಡನು. ಇವು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿನ ರಕ್ತವನ್ನು ಕುರಿತ ಅಧ್ಯಯನಗಳು, ಕ್ಯಾನ್ಸರಿಗೂ ಇವಕ್ಕೂ ಆಗ ಯಾವ ನಂಟೂ ಇರಲಿಲ್ಲ. ಆದರೆ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಸೊರೆಯ ಪಟ್ಟೆ ಎಂಡೋಸ್ಕೋಪಿ ಕೊಠಡಿಯೊಳಗೆ ಬಂತು, ಆ ವಿಚಾರ ಮುಂದೆ ಬರುತ್ತದೆ.

ಗಡ್ಡೆಯ ಅಂಗಾಂಶ ತಾನಾಗಿ ಬೇರೆ ಬಣ್ಣದ ಬೆಳಕನ್ನು ಸೂಸಬಹುದೆಂಬ ಸುಳಿವು 1924ರಲ್ಲಿ ಫ್ರಾನ್ಸಿನ ಲಿಯೋನ್ ನಗರದಿಂದ ಬಂದಿತು. ಕೆಲವು ವಸ್ತುಗಳು ಕಡಿಮೆ ತರಂಗದೂರದ, ಅಂದರೆ ನೇರಳೆಯ ಕಡೆಯ ಬೆಳಕನ್ನು ಹೀರಿ ಹೆಚ್ಚು ತರಂಗದೂರದ ಹಸಿರನ್ನೋ ಕೆಂಪನ್ನೋ ಹೊರಸೂಸುತ್ತವೆ, ಇದು ಪ್ರತಿದೀಪ್ತಿ. ಪೊಲಿಕಾರ್ ಎಂಬ ವಿಜ್ಞಾನಿ ಪ್ರಯೋಗದ ಇಲಿಗಳ ಗಡ್ಡೆಗಳನ್ನು ಅತಿನೇರಳೆ ದೀಪದಡಿ ನೋಡಿದಾಗ ಅವು ಕೆಂಪಗೆ ಹೊಳೆದವು. ಅದಕ್ಕೆ ಕಾರಣ ಪೋರ್ಫಿರಿನ್ ಎಂಬ ರಕ್ತವರ್ಣದ್ರವ್ಯದ ಬಂಧುವೆಂದೂ ಗಡ್ಡೆಗೆ ತಗಲಿದ ಬ್ಯಾಕ್ಟೀರಿಯಾಗಳ ಪಾತ್ರ ಅದರಲ್ಲಿದೆಯೆಂದೂ ಅವನು ಭಾವಿಸಿದನು. ಹೊಳಪು ಕ್ಯಾನ್ಸರಿನದೋ ಅದರ ಜೊತೆಗಿರುವ ಸೋಂಕಿನದೋ ಎಂಬ ಈ ಮೊದಲ ದಿನದ ತೊಡಕು ಮುಂದೆ ಎಂದೂ ಪೂರ್ತಿಯಾಗಿ ಬಗೆಹರಿಯಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 1960ರ ಆಸುಪಾಸಿನಲ್ಲಿ ಲಿಪ್ಸನ್ ಮತ್ತು ಸಂಗಡಿಗರು ಹೆಮಟೊಪೋರ್ಫಿರಿನ್ನಿನ ಸಂಸ್ಕರಿತ ರೂಪವೊಂದನ್ನು ರಕ್ತನಾಳಕ್ಕೆ ಚುಚ್ಚಿ, ಅದು ಗಡ್ಡೆಯಲ್ಲಿ ಹೆಚ್ಚಾಗಿ ನಿಲ್ಲುವುದನ್ನು ಎಂಡೋಸ್ಕೋಪಿನ ಮೂಲಕ ನೋಡಿದರು. ಔಷಧಿ ಚರ್ಮದಲ್ಲೂ ವಾರಗಟ್ಟಲೆ ಉಳಿದು ರೋಗಿ ಬಿಸಿಲಿಗೆ ಬಂದರೆ ಸುಡುತ್ತಿದ್ದುದರಿಂದ, ಯಾವ ಔಷಧಿಯನ್ನೂ ಕೊಡದೆ ಅಂಗಾಂಶದ ಸಹಜ ಹೊಳಪನ್ನೇ ಓದಬಹುದೇ ಎಂಬ ಪ್ರಶ್ನೆ ಎದ್ದಿತು.

ಲೇಸರ್ ಬಂದ ಮೇಲೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಸಾಧ್ಯವಾಯಿತು. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ರಾಬರ್ಟ್ ಆಲ್ಫಾನೊ ಮತ್ತು ಸಂಗಡಿಗರು 1984ರಲ್ಲಿ ಲೇಸರ್ ಬೆಳಕಿಗೆ ಕ್ಯಾನ್ಸರ್ ಅಂಗಾಂಶವೂ ಆರೋಗ್ಯವಂತ ಅಂಗಾಂಶವೂ ಬೇರೆ ಬೇರೆ ರೋಹಿತದ ಪ್ರತಿದೀಪ್ತಿ ನೀಡುತ್ತವೆಂದು ವರದಿ ಮಾಡಿದರು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮೈಕೆಲ್ ಫೆಲ್ಡ್ ನಡೆಸುತ್ತಿದ್ದ ಪ್ರಯೋಗಾಲಯ 1990ರಲ್ಲಿ ತಂತುವಿನ ಶೋಧಕವನ್ನು ಎಂಡೋಸ್ಕೋಪಿನ ಉಪಕರಣದ ದಾರಿಯಲ್ಲಿ ಇಳಿಸಿ, ರೋಗಿಯ ಕರುಳಿನಲ್ಲಿಯೇ ಪಾಲಿಪ್ ಎಂಬ ಮಾಂಸಲ ಉಬ್ಬುಗಳ ರೋಹಿತವನ್ನು ಬರೆದುಕೊಂಡಿತು. ಇಲ್ಲಿ ನಡೆಯುವ ಭೌತಕ್ರಿಯೆ ಸರಳ: ಲೋಳೆಪದರದ ಕೆಳಗಿರುವ ಕೊಲಾಜೆನ್ ಎಂಬ ನಾರಿನ ಪ್ರೋಟೀನು ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ, ಮೇಲಿನ ಹೊದಿಕೆ ರೋಗದಿಂದ ದಪ್ಪವಾದಾಗ ಆ ಹೊಳಪು ಮರೆಯಾಗುತ್ತದೆ, ಅಲ್ಲಿ ಹೆಚ್ಚಾಗಿ ಹರಿಯುವ ರಕ್ತ ಉಳಿದ ಹಸಿರನ್ನೂ ಹೀರುತ್ತದೆ, ಹಾಗಾಗಿ ಹಸಿರು ಕುಂದಿ ಕೆಂಪಿನ ಪಾಲು ಏರುತ್ತದೆ.

ಕೆನಡಾದ ವ್ಯಾಂಕೂವರಿನಲ್ಲಿ ಬ್ರಿಟಿಷ್ ಕೊಲಂಬಿಯಾ ಕ್ಯಾನ್ಸರ್ ಸಂಸ್ಥೆಯ ಸ್ಟೀಫನ್ ಲ್ಯಾಮ್ ಮತ್ತು ಬ್ರಾಂಕೊ ಪಾಲ್ಸಿಕ್ ಈ ತತ್ತ್ವವನ್ನೇ ಹಿಡಿದು ಶ್ವಾಸನಾಳವನ್ನು ನೋಡುವ ಉಪಕರಣ ರೂಪಿಸಿದರು. 442 ನ್ಯಾನೊಮೀಟರ್ ತರಂಗದೂರದ ನೀಲಿ ಲೇಸರಿನಡಿ ಆರೋಗ್ಯವಂತ ಗೋಡೆ ಹಸಿರಾಗಿಯೂ ಕೆಟ್ಟ ಜಾಗ ಕಂದುಗೆಂಪಾಗಿಯೂ ಪರದೆಯ ಮೇಲೆ ಕಾಣುತ್ತಿತ್ತು. 1996ರಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ದೊರೆಯಿತು. ಕಣ್ಣಿಗೆ ತಪ್ಪುತ್ತಿದ್ದ, ಆರಂಭದ ಹಂತದ ಅನೇಕ ಕೆಟ್ಟ ಜಾಗಗಳು ಅದರಲ್ಲಿ ಸಿಕ್ಕವು. ಆದರೆ ಸಿಗರೇಟು ಸೇದಿ ಉರಿಯೂತಗೊಂಡ ಗೋಡೆಯೂ ಕಂದುಗೆಂಪಾಗಿಯೇ ಕಂಡದ್ದರಿಂದ, ಪೊಲಿಕಾರನ ಕಾಲದ ತೊಡಕು ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಪ್ರತಿದೀಪ್ತಿಯ ಈ ಮಿತಿಯನ್ನು ಮೀರಲು ಫೆಲ್ಡನ ಪ್ರಯೋಗಾಲಯ ಮಾಡಿದ ಇನ್ನೊಂದು ಪ್ರಯತ್ನ ಭೌತವಿಜ್ಞಾನದ ದೃಷ್ಟಿಯಿಂದ ಬಹುಶಃ ಇಡೀ ಚರಿತ್ರೆಯಲ್ಲೇ ಅತ್ಯಂತ ಸೊಗಸಾದದ್ದು. ಪೆಥಾಲಜಿಸ್ಟ್, ಅಂದರೆ ಅಂಗಾಂಶದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ತಜ್ಞ, ಮುಖ್ಯವಾಗಿ ಗಮನಿಸುವುದು ಕೋಶಕೇಂದ್ರಗಳ ಗಾತ್ರವನ್ನು. ಕೇಂದ್ರವೊಂದು ಬೆಳಕನ್ನು ಚದರಿಸುವಾಗ ಬೇರೆ ಬೇರೆ ತರಂಗದೂರಗಳಲ್ಲಿ ಹಿಂತಿರುಗುವ ಬೆಳಕಿನ ಪ್ರಮಾಣ ಏರಿಳಿಯುತ್ತದೆ, ಮತ್ತು ಆ ಏರಿಳಿತದ ಲಯ ಕೇಂದ್ರದ ವ್ಯಾಸವನ್ನು ಅವಲಂಬಿಸಿರುತ್ತದೆ. ಹಿಂತಿರುಗುವ ಬೆಳಕಿನಲ್ಲಿ ಮೇಲ್ಹೊದಿಕೆಯಿಂದ ಬಂದ ಪಾಲು ನೂರಕ್ಕೆ ಕೆಲವೇ ಅಂಶ. ಆಳದ ಪದರಗಳಿಂದ ಬಂದ ಉಳಿದದ್ದನ್ನು ಗಣಿತದಿಂದ ಕಳೆದು ಈ ಸಣ್ಣ ಏರಿಳಿತವನ್ನು ಹೊರತೆಗೆಯುವುದು ಸಾಧ್ಯವೆಂದು ಲೆವ್ ಪೆರೆಲ್ಮನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಚೂರು ಕತ್ತರಿಸದೆ, ಬಣ್ಣ ಹಚ್ಚದೆ, ಕೋಶಕೇಂದ್ರಗಳನ್ನು ಅಳೆಯುವ ಈ ವಿಧಾನವನ್ನು ಅವರು ಬ್ಯಾರೆಟ್ ಅನ್ನನಾಳದಲ್ಲಿ ಪರೀಕ್ಷಿಸಿದರು. ಜಠರದ ಆಮ್ಲ ವರ್ಷಗಟ್ಟಲೆ ಮೇಲಕ್ಕೆ ಉಕ್ಕಿ ಅನ್ನನಾಳದ ಕೆಳಭಾಗದ ಹೊದಿಕೆ ಕರುಳಿನ ಹೊದಿಕೆಯಂತೆ ಮಾರ್ಪಡುವ ಈ ಸ್ಥಿತಿಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅದರ ಕಾವಲಿಗಾಗಿ ಪ್ರತಿ ಎರಡು ಸೆಂಟಿಮೀಟರಿಗೆ ನಾಲ್ಕು ದಿಕ್ಕುಗಳಿಂದ ಕುರುಡಾಗಿ ಚೂರು ಕೀಳುವ ಪದ್ಧತಿ ರೂಢಿಯಲ್ಲಿತ್ತು, ಇಂದಿಗೂ ಇದೆ. ಅಷ್ಟು ಕಿತ್ತರೂ ಪರೀಕ್ಷೆಗೆ ಒಳಪಡುವುದು ಇಡೀ ಮೇಲ್ಮೈಯ ಅತ್ಯಲ್ಪ ಭಾಗ ಮಾತ್ರ.

ಕರ್ನಾಟಕಕ್ಕೆ ಈ ಚರಿತ್ರೆಯೊಡನೆ ಇರುವ ನಂಟು ಚದರಿಕೆಯ ಮತ್ತೊಂದು ಬಗೆಯಿಂದ ಬಂದದ್ದು. ವಸ್ತುವಿನ ಮೇಲೆ ಬಿದ್ದ ಬೆಳಕಿನ ಬಹುಪಾಲು ತನ್ನ ಬಣ್ಣದಲ್ಲೇ ಚದರುತ್ತದೆ, ಬೆಳಕಿನ ಸುಮಾರು ಕೋಟಿ ಕಣಗಳಲ್ಲಿ ಒಂದು ಮಾತ್ರ ಅಣುಗಳ ಕಂಪನಕ್ಕೆ ಶಕ್ತಿ ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಸಿ.ವಿ. ರಾಮನ್ ತಮ್ಮ ಸಹೋದ್ಯೋಗಿ ಕೆ.ಎಸ್. ಕೃಷ್ಣನ್ ಅವರೊಡನೆ ಕಲ್ಕತ್ತೆಯಲ್ಲಿ ಕಂಡುಕೊಂಡ ಈ ಪರಿಣಾಮವನ್ನು 1928ರ ಮಾರ್ಚ್ 16ರಂದು ವಿವರವಾಗಿ ವಿದ್ವತ್ ಸಭೆಯ ಮುಂದಿಟ್ಟದ್ದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದಲ್ಲಿ. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಅದೇ ಊರಿಗೆ ಬಂದು ನೆಲೆಸಿದರು. ಬದಲಾದ ಬಣ್ಣಗಳ ರೋಹಿತ ಅಣುವಿನ ಗುರುತಿನ ಚೀಟಿಯಂತಿರುವುದರಿಂದ ಪ್ರೋಟೀನು, ಕೊಬ್ಬು, ನ್ಯೂಕ್ಲಿಯಿಕ್ ಆಮ್ಲಗಳ ಪಾಲು ಅಂಗಾಂಶದಲ್ಲಿ ಹೇಗೆ ವ್ಯತ್ಯಾಸವಾಗಿದೆಯೆಂದು ಅದರಿಂದ ತಿಳಿಯಬಹುದು, ಪ್ರತಿದೀಪ್ತಿಯ ಅಗಲವಾದ ಮಸುಕು ಗುಡ್ಡಗಳ ಬದಲು ಇಲ್ಲಿ ಚೂಪಾದ ಹಲವು ಶಿಖರಗಳು ಸಿಗುತ್ತವೆ.

ಇಷ್ಟು ಗುಣವಿದ್ದೂ ರಾಮನ್ ಪರಿಣಾಮ ಎಂಡೋಸ್ಕೋಪಿನೊಳಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಅಂಗಾಂಶದ ಮೇಲೆ ಹಸಿರು ಅಥವಾ ನೀಲಿ ಬೆಳಕು ಬಿಟ್ಟರೆ ಅದರ ಪ್ರತಿದೀಪ್ತಿಯೇ ರಾಮನ್ ಸಂಕೇತವನ್ನು ಮುಳುಗಿಸುತ್ತಿತ್ತು. ಪ್ರತಿದೀಪ್ತಿ ಕಡಿಮೆಯಿರುವ ಅವಕೆಂಪು ಬೆಳಕಿಗೆ, ಅಂದರೆ ಕಣ್ಣಿಗೆ ಕಾಣುವ ಕೆಂಪಿನಾಚೆಯ ಬೆಳಕಿಗೆ, ಹೊರಳಿದರೆ ಚದರುವಿಕೆಯೇ ಇನ್ನೂ ಕ್ಷೀಣವಾಗುತ್ತಿತ್ತು. 785 ನ್ಯಾನೊಮೀಟರಿನ ಅರೆವಾಹಕ ಲೇಸರು ಮತ್ತು ಅತಿ ಕ್ಷೀಣ ಬೆಳಕನ್ನೂ ಎಣಿಸಬಲ್ಲ ಸಿಸಿಡಿ ಗ್ರಾಹಕ ಕೈಗೆಟುಕುವವರೆಗೆ ಈ ಇಕ್ಕಟ್ಟಿನಿಂದ ಬಿಡುಗಡೆಯಿರಲಿಲ್ಲ. ಅದರ ಮೇಲೆ ಇನ್ನೊಂದು ವಿಚಿತ್ರ ತೊಂದರೆ: ಬೆಳಕನ್ನು ಒಯ್ಯುವ ತಂತುವೂ ಗಾಜೇ ಆದ್ದರಿಂದ ಅದರಿಂದಲೇ ರಾಮನ್ ಚದರಿಕೆ ಹೊರಟು, ಮೀಟರುಗಟ್ಟಲೆ ಉದ್ದದ ಗಾಜಿನ ಸಂಕೇತದ ಮುಂದೆ ತುದಿಯಲ್ಲಿರುವ ತೆಳು ಅಂಗಾಂಶದ ಸಂಕೇತ ಅಡಗಿಹೋಗುತ್ತಿತ್ತು. ಎರಡು ಮಿಲಿಮೀಟರಿನ ಆಸುಪಾಸಿನ ಶೋಧಕದ ತುದಿಯಲ್ಲಿ, ಒಳಗೆ ಹೋಗುವ ತಂತುವಿಗೆ ಲೇಸರಿನ ಬಣ್ಣವನ್ನಷ್ಟೇ ಬಿಡುವ ಪದರವನ್ನೂ ಹಿಂತಿರುಗುವ ತಂತುಗಳಿಗೆ ಲೇಸರಿನ ಬಣ್ಣವನ್ನು ತಡೆಯುವ ಪದರವನ್ನೂ ಕೂರಿಸುವ ಕುಶಲ ಕೆಲಸದಿಂದ ಇದು ಪರಿಹಾರವಾಯಿತು. ಟೊರೊಂಟೊದ ತಂಡವೊಂದು 2000ದಲ್ಲಿ ರೋಗಿಗಳ ಜೀರ್ಣನಾಳದಲ್ಲಿ ಇದನ್ನು ಮೊದಲ ಬಾರಿಗೆ ಮಾಡಿ ತೋರಿಸಿತು. ಮುಂದಿನ ದಶಕದಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಝಿವೈ ಹುವಾಂಗ್ ತಂಡ ಜಠರ ಮತ್ತು ಅನ್ನನಾಳಗಳಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ರೋಹಿತ ಪಡೆದು ಗಣಕದಿಂದ ಅಲ್ಲಿಯೇ ಅದನ್ನು ಓದಿಸುವ ಹಂತಕ್ಕೆ ತಂದಿತು.

ಮಣಿಪಾಲದ ವಿಶ್ವವಿದ್ಯಾಲಯದ ಲೇಸರ್ ರೋಹಿತದರ್ಶನ ಕೇಂದ್ರ ಈ ಶತಮಾನದ ಮೊದಲ ದಶಕದಲ್ಲಿ ಬಾಯಿ ಮತ್ತು ಗರ್ಭಕಂಠದ ಅಂಗಾಂಶಗಳ ರಾಮನ್ ರೋಹಿತಗಳನ್ನೂ ಲೇಸರ್ ಪ್ರತಿದೀಪ್ತಿಯನ್ನೂ ವ್ಯವಸ್ಥಿತವಾಗಿ ಅಧ್ಯಯನ ಮಾಡಿತು. ಇಂದೋರಿನ ಲೇಸರ್ ಕೇಂದ್ರದಲ್ಲಿ 1990ರ ದಶಕದಿಂದಲೇ ಸಾರಜನಕ ಲೇಸರಿನ ಪ್ರತಿದೀಪ್ತಿಯ ಪ್ರಯೋಗಗಳು ನಡೆದಿದ್ದವು. ತಂಬಾಕು ಅಗಿಯುವ ನಾಡಿನಲ್ಲಿ ಬಾಯಿಯ ಕ್ಯಾನ್ಸರ್ ಅತಿ ಸಾಮಾನ್ಯವಾಗಿರುವುದರಿಂದಲೂ ಬಾಯಿಯೊಳಗೆ ಶೋಧಕವಿಡಲು ಉದ್ದನೆಯ ಕೊಳವೆ ಬೇಡವಾದ್ದರಿಂದಲೂ ಭಾರತದ ಸಂಶೋಧನೆ ಅತ್ತ ವಾಲಿದ್ದು ಸಹಜವೇ ಆಗಿತ್ತು.

ಆಸ್ಪತ್ರೆಗಳಲ್ಲಿ ಗೆದ್ದದ್ದು ಮಾತ್ರ ಇವುಗಳಲ್ಲಿ ಯಾವುದೂ ಅಲ್ಲ. ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರ ಮತ್ತು ಒಲಿಂಪಸ್ ಕಂಪನಿ ಕೂಡಿ 1999ರಿಂದ ಪರೀಕ್ಷಿಸಿದ ‘ನ್ಯಾರೋ ಬ್ಯಾಂಡ್ ಇಮೇಜಿಂಗ್’ ಎಂಬ ವಿಧಾನದಲ್ಲಿ ಬಿಳಿ ಬೆಳಕಿನ ಬದಲು 415 ಮತ್ತು 540 ನ್ಯಾನೊಮೀಟರಿನ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಒಳಗೆ ಬಿಡುತ್ತಾರೆ. ಮೊದಲನೆಯದು ಸೊರೆ ಕಂಡ ಪಟ್ಟೆಯ ಜಾಗ, ಎರಡನೆಯದು ಹೊಪ್ಪೆ-ಸೈಲರ್ ಕಂಡವುಗಳಲ್ಲೊಂದರ ಜಾಗ. ಎರಡನ್ನೂ ರಕ್ತ ಹೀರುವುದರಿಂದ ಲೋಳೆಪದರದ ಸೂಕ್ಷ್ಮ ರಕ್ತನಾಳಗಳು ಕಂದು ಬಣ್ಣದ ಬಲೆಯಾಗಿ ಎದ್ದು ಕಾಣುತ್ತವೆ, ಗಡ್ಡೆ ತನಗಾಗಿ ಬೆಳೆಸಿಕೊಂಡ ಅಡ್ಡಾದಿಡ್ಡಿ ನಾಳಗಳು ಬೇರೆಯಾಗಿ ತೋರುತ್ತವೆ. ಒಂದು ಗುಂಡಿ ಒತ್ತಿದರೆ ಸಾಕು, ಹೊಸ ಶೋಧಕ ಬೇಡ, ಗಣಿತ ಬೇಡ, ಕಾಯಬೇಕಾಗಿಲ್ಲ. ಅಣುಗಳ ಬಗ್ಗೆ ಅದು ಹೇಳುವುದು ರಾಮನ್ ರೋಹಿತದ ಮುಂದೆ ಏನೂ ಅಲ್ಲವಾದರೂ ವೈದ್ಯನ ಕೈಗೆ ಅದು ಚಿತ್ರವನ್ನು ಕೊಟ್ಟಿತು. ರಾಮನ್ ಶೋಧಕವಾದರೋ ತುದಿ ಮುಟ್ಟಿದ ಒಂದೇ ಚುಕ್ಕೆಯ ಬಗ್ಗೆ ಒಂದು ವಕ್ರರೇಖೆಯನ್ನು ಕೊಡುತ್ತದೆ, ಶೋಧಕವನ್ನು ಎಲ್ಲಿ ಮುಟ್ಟಿಸಬೇಕೆಂದು ಮೊದಲೇ ತಿಳಿದಿರಬೇಕು. ತಿಳಿದಿದ್ದರೆ ಅರ್ಧ ಕೆಲಸ ಮುಗಿದೇ ಇರುತ್ತದೆ. ರೋಹಿತದರ್ಶನದ ಸಂಶೋಧಕರು ಸಂಕೇತದ ಶುದ್ಧತೆಗೆ ಕೊಟ್ಟ ಗಮನವನ್ನು ಈ ಪ್ರಶ್ನೆಗೆ ಬಹುಕಾಲ ಕೊಡಲಿಲ್ಲವೆಂದೇ ಹೇಳಬೇಕಾಗುತ್ತದೆ.

ಅಮೆರಿಕದ ಜೀರ್ಣನಾಳ ಎಂಡೋಸ್ಕೋಪಿ ಸಂಘ 2011 ಮತ್ತು 2012ರಲ್ಲಿ ಹೊಸ ವಿಧಾನಗಳು ಮುಟ್ಟಬೇಕಾದ ಮಟ್ಟಗಳನ್ನು ಗೊತ್ತುಪಡಿಸಿತು. ಬ್ಯಾರೆಟ್ ಅನ್ನನಾಳದಲ್ಲಿ ಕುರುಡು ಬಯಾಪ್ಸಿಯನ್ನು, ಅಂದರೆ ಚೂರು ತೆಗೆಯುವ ಪರೀಕ್ಷೆಯನ್ನು, ಕೈಬಿಡಬೇಕಾದರೆ ತೀವ್ರ ಡಿಸ್‌ಪ್ಲೇಸಿಯಾ ಅಥವಾ ಆರಂಭದ ಕ್ಯಾನ್ಸರ್ ಇರುವ ನೂರು ರೋಗಿಗಳಲ್ಲಿ ಕನಿಷ್ಠ 90 ಜನರನ್ನು ಹೊಸ ವಿಧಾನ ಗುರುತಿಸಬೇಕು, ಮತ್ತು ಅದು ‘ಇಲ್ಲ’ ಎಂದಾಗ ನೂರಕ್ಕೆ 98 ಸಲವಾದರೂ ಆ ಮಾತು ನಿಜವಾಗಿರಬೇಕು. ಈ ಲೆಕ್ಕದ ಹಿಂದೆ ಇನ್ನೊಂದು ಸಂಗತಿಯಿದೆ. ಯಾವ ರೋಹಿತ ಕ್ಯಾನ್ಸರಿನದು, ಯಾವುದು ಅಲ್ಲ ಎಂದು ಗಣಕಕ್ಕೆ ಕಲಿಸುವಾಗ ಶೋಧಕ ಮುಟ್ಟಿದ ಜಾಗದಿಂದಲೇ ಚೂರು ತೆಗೆದು ಪೆಥಾಲಜಿಸ್ಟ್ ಕೊಟ್ಟ ವರದಿಯನ್ನು ಸತ್ಯವೆಂದು ಹಿಡಿಯುತ್ತಾರೆ. ಆದರೆ ಬ್ಯಾರೆಟ್ ಅನ್ನನಾಳದ ಸೌಮ್ಯ ಡಿಸ್‌ಪ್ಲೇಸಿಯಾದ ವಿಷಯದಲ್ಲಿ ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರು ಅನುಭವಿ ಪೆಥಾಲಜಿಸ್ಟರು ಭಿನ್ನ ವರದಿ ಕೊಡುವುದು ಅಪರೂಪವಲ್ಲ. ಹೀಗಾಗಿ ಚೂರನ್ನು ಬದಲಿಸಲು ಹೊರಟ ಬೆಳಕಿನ ನಿಖರತೆಯನ್ನು ಚೂರಿನ ವರದಿಯಿಂದಲೇ ಅಳೆಯಬೇಕಾಗಿ ಬಂದಿದೆ, ರೋಹಿತ ಮತ್ತು ವರದಿ ಹೊಂದದಿದ್ದ ಕಡೆ ತಪ್ಪು ಯಾವುದರದೆಂದು ತೀರ್ಮಾನಿಸಲು ರೋಗಿಯನ್ನು ವರ್ಷಗಟ್ಟಲೆ ಗಮನಿಸುತ್ತ ಕಾಯುವುದೊಂದೇ ದಾರಿ. ಇಂದು ರೋಹಿತದರ್ಶಕ ಶೋಧಕಗಳನ್ನು ಬಳಸುವ ಕೇಂದ್ರಗಳಲ್ಲಿ ಅವು ಮುಖ್ಯವಾಗಿ ಚೂರನ್ನು ಎಲ್ಲಿಂದ ತೆಗೆಯಬೇಕೆಂದು ಸೂಚಿಸುತ್ತವೆ. ತೆಗೆದ ಚೂರು ಫಾರ್ಮಲಿನ್ ಸೀಸೆಯಲ್ಲಿ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ.